ತಿನ್ನುವ ಕಾಯಿಯಲ್ಲ, ಈಜುವ ಕಾಯಿ

ಈ ಏಪ್ರಿಲ್ ತಿಂಗಳ ಎರಡನೇ ಶನಿವಾರ, ಬೆಳಗಿನ ಐದೂವರೆ ಗಂಟೆ, ತಿಪಟೂರು ರೈಲು ನಿಲ್ದಾಣ. ಹಾಜರಿದ್ದವರು: ನಾನು, ನನ್ನ ಹೆಂಡತಿ ಜಯಮ್ಮ, ಮಗ ರವಿ, ಸೊಸೆ ಲತಾ, ಮೊಮ್ಮಗಳು ಸಿಂಚನ. ಗೈರುಹಾಜರಾದವರು ಯಾರೂ ಇಲ್ಲ. ಹೇಳದೆ ಕೇಳದೆ ಹಾಜರಾದವು: ಮಟ್ಟೆ ಸುಲಿಯದ ಎರಡು ಒಣ ತೆಂಗಿನಕಾಯಿ.

ಹೀಗೆ ಹಾಜರಿ ತೆಗೆದುಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಶೆಟ್ಟಿಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟರಾಗಿದ್ದು ನಿವೃತ್ತನಾದವನು ನಾನು. ನಿವೃತ್ತಿಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸೀಟಿಯನ್ನು ಮಾತ್ರ ಯಾರೂ ವಾಪಸ್ ಕೇಳಲಿಲ್ಲ. ಕೆಲವರು ಕೊರಳಿಗೆ ತಾಯಿತ ಕಟ್ಟಿಕೊಳ್ಳುತ್ತಾರೆ, ನನ್ನ ಕೊರಳಲ್ಲಿ ಸೀಟಿ ಉಳಿಯಿತು. ಬೆಳಗ್ಗೆ ಒಮ್ಮೆ ಊದಿದರೆ ಮನೆಮಂದಿ ಏಳಬೇಕು, ಎರಡು ಸಲ ಊದಿದರೆ ತಿಂಡಿಗೆ ಬರಬೇಕು ಎಂದು ನಾನು ನಿಯಮ ಮಾಡಿದ್ದೇನೆ. ಒಮ್ಮೆ ಊದಿದರೆ ನಾಯಿ ಬರುತ್ತದೆ, ಎರಡು ಸಲ ಊದಿದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ ಎಂದು ಜಯಮ್ಮ ಹೇಳುತ್ತಾಳೆ. ಎರಡೂ ನಿಜವಿರಬಹುದು.

ಇನ್ನು ಆ ಕಾಯಿಗಳ ವಿಚಾರ. ನಮ್ಮ ಸೀಮೆಯ ಮಕ್ಕಳು ತೋಟದ ಬಾವಿಯಲ್ಲಿ ಈಜು ಕಲಿಯುವ ಕಾಲದಲ್ಲಿ ಅಂಗಡಿಯ ಗಾಳಿಟ್ಯೂಬುಗಳು ಬಂದಿರಲಿಲ್ಲ. ಚೆನ್ನಾಗಿ ಒಣಗಿದ ಎರಡು ಕಾಯಿ ಆರಿಸಿ, ಒಂದೊಂದರ ಮಟ್ಟೆಯಿಂದಲೂ ಒಂದು ಪಟ್ಟಿ ಎಬ್ಬಿಸಿ, ಆ ಪಟ್ಟಿಗಳನ್ನೇ ಒಂದಕ್ಕೊಂದು ಗಂಟು ಹಾಕಿ, ಮೇಲೊಂದು ಸುತ್ತು ನಾರಿನ ಹಗ್ಗ ಬಿಗಿಯುತ್ತಿದ್ದರು. ಗಂಟಿನ ಮೇಲೆ ಎದೆ ಕೊಟ್ಟು ಮಲಗಿದರೆ ಎರಡು ಕಂಕುಳಿಗೂ ಒಂದೊಂದು ಕಾಯಿ. ಮುಳುಗಬೇಕೆಂದರೂ ಮುಳುಗಲಾಗದು. ಜಯಮ್ಮನ ತವರು ಕೆಂಕೆರೆ. ಅಲ್ಲಿನ ಬಾವಿಯಲ್ಲಿ ಅಣ್ಣಂದಿರಿಗಿಂತ ಮೊದಲೇ ಕಾಯಿ ಬಿಟ್ಟು ಈಜಿದವಳು ತಾನು ಎಂದು ಅವಳು ಅನೇಕ ಸಲ ಹೇಳಿದ್ದಾಳೆ. ಅಣ್ಣಂದಿರು ಇದನ್ನು ಒಪ್ಪುವುದಿಲ್ಲ. ಆದರೆ ಆ ಅಣ್ಣಂದಿರು ನೀರಿಗಿಳಿದದ್ದನ್ನು ನಾನೂ ಕಂಡಿಲ್ಲ.

ಮದುವೆಯಾಗಿ ನಮ್ಮ ಮನೆಗೆ ಬಂದ ಮೇಲೆ ಅವಳ ಈಜು ನಿಂತಿತು. ಯಾರೂ ಬೇಡ ಎಂದು ಹೇಳಿದವರಲ್ಲ, ಹೇಳುವ ಅಗತ್ಯವೇ ಬರಲಿಲ್ಲ. ಸೊಸೆ ಬಾವಿಗಿಳಿದಳು ಎಂದರೆ ಊರಿಗೆ ಊರೇ ಓಡಿ ಬರುವ ಕಾಲ ಅದು. ಆಮೇಲೆ ಬಾವಿ ಬತ್ತಿತು, ಬೋರ್‌ವೆಲ್ ಬಂತು. ಬೋರ್‌ವೆಲ್‌ನಲ್ಲಿ ಯಾರು ತಾನೇ ಈಜುತ್ತಾರೆ?

ಹೀಗಿರುವಾಗ ಸಿಂಚನ ಒಂದು ದಿನ ಅಜ್ಜಿಗೆ ಫೋನಿನಲ್ಲಿ ಬೆಂಗಳೂರಿನ ಯಾವುದೋ ನೀರಾಟದ ಪಾರ್ಕಿನ ವಿಡಿಯೊ ತೋರಿಸಿದಳು. ಅಲ್ಲಿ ಒಂದು ದೊಡ್ಡ ಕೊಳ, ಅದರಲ್ಲಿ ಯಂತ್ರದಿಂದ ಏಳುವ ಅಲೆ, ಅಲೆಯ ಮೇಲೆ ತೇಲುವ ಜನ. ಜಯಮ್ಮ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದಳು. ಅನ್ನ ಸೀದಿತು. ರಾತ್ರಿ ಊಟಕ್ಕೆ ಕುಳಿತಾಗ ಮಗನಿಗೆ ಹೇಳಿದಳು, "ರವಿ, ನನ್ನ ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗಪ್ಪ. ಕಾಲು ಗಟ್ಟಿ ಇರೋವಾಗ್ಲೇ ಹೋಗ್ಬೇಕು." ಅವಳು ಹೀಗೆ ಬಾಯಿಬಿಟ್ಟು ಕೇಳಿದ್ದನ್ನು ನಾನು ಹೆಚ್ಚು ಕಂಡಿಲ್ಲ. ತಿಪಟೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಮಗ ಶನಿವಾರ ಅಂಗಡಿ ಮುಚ್ಚುವುದಾಗಿ ಒಪ್ಪಿಕೊಂಡ. ಸಿಂಚನಳಿಗೆ ನೀರೆಂದರೆ ಭಯವಾದ್ದರಿಂದ ಅವಳಿಗೆಂದು ಅಜ್ಜಿ ಜೋಡಿ ಕಾಯಿ ಕಟ್ಟಿದಳು.

ನಾನು ವೇಳಾಪಟ್ಟಿ ಹಾಕಿದೆ. ಬರೆದುಕೊಳ್ಳಲಿಲ್ಲ. ನನ್ನ ವೇಳಾಪಟ್ಟಿಗಳು ತಲೆಯಲ್ಲೇ ಇರುತ್ತವೆ, ಅದಕ್ಕೇ ಅವನ್ನು ಯಾರಿಗೂ ಕಳೆಯಲಾಗುವುದಿಲ್ಲ. ಇಷ್ಟು ಹೊತ್ತಿಗೆ ಜಾರುಬಂಡೆ, ಇಷ್ಟು ಹೊತ್ತಿಗೆ ಅಲೆ, ಇಷ್ಟಕ್ಕೆ ಊಟ, ಸಂಜೆಯ ರೈಲಿಗೆ ವಾಪಸ್. ರೈಲು ಹೊರಟ ಮೇಲೆ ಇದನ್ನು ಎಲ್ಲರಿಗೂ ಹೇಳುತ್ತಿದ್ದೆ. ಕಿಬ್ಬನಹಳ್ಳಿ ಕಡೆಯ ತೋಟಗಳನ್ನು ದಾಟುವ ಹೊತ್ತಿಗೆ ಜಯಮ್ಮ ನನ್ನ ಅಂಗಿಯ ಗುಂಡಿಯ ಬಳಿ ಇಣುಕಿದ ದಾರವನ್ನು ನೋಡಿಬಿಟ್ಟಳು.

"ಪೀಪಿ ತಂದಿದ್ದೀರಾ?"

ತಂದಿದ್ದೇನೆ ಎಂದೆ.

"ಇವತ್ತೊಂದಿನ ಅದನ್ನ ಊದ್ಬಾರ್ದು ಕಣ್ರೀ. ಊದಿದ್ರೆ, ಆಮೇಲಿಂದ ಮನೆಗೆ ಹೋಗೋ ತನಕ ನಾನು ಹೇಳ್ದಂಗೆ ಕೇಳ್ಬೇಕು."

ನಾನು ಒಪ್ಪಿಕೊಂಡೆ. ಮಗ ಸೊಸೆ ಸಾಕ್ಷಿ. ಸೊಸೆ ಆಗಲೇ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ಮಾವನ ಮೇಲೆ ಅವಳಿಗೆ ಅಷ್ಟೇ ನಂಬಿಕೆ.

ಪಾರ್ಕಿನ ಬಾಗಿಲಲ್ಲಿ ಎಲ್ಲರ ಚೀಲಗಳನ್ನೂ ಬಿಚ್ಚಿ ನೋಡುತ್ತಾರೆ. ಚಕ್ಕುಲಿ ಸಿಕ್ಕಿತು, ತೆಗೆದಿಟ್ಟರು. ನಿಂಬೆಹಣ್ಣಿನ ಚಿತ್ರಾನ್ನ ಸಿಕ್ಕಿತು, ಅದನ್ನೂ ತೆಗೆದಿಟ್ಟರು. ಕೊನೆಗೆ ಜೋಡಿ ಕಾಯಿ ಹೊರಬಂತು. ಕಾವಲಿನವನು ಅದನ್ನು ಎರಡು ಕೈಯಲ್ಲೂ ಎತ್ತಿ ಹಿಂದೆ ಮುಂದೆ ನೋಡಿ, ಹೊರಗಿನ ತಿನ್ನೋ ಪದಾರ್ಥ ಬಿಡಂಗಿಲ್ಲಮ್ಮ ಅಂದ.

"ಇದು ತಿನ್ನೋದಲ್ಲ ಕಣಪ್ಪ, ಈಜೋದು," ಅಂದಳು ಜಯಮ್ಮ.

ಆತ ಒಮ್ಮೆ ಅವಳ ಮುಖ, ಒಮ್ಮೆ ಕಾಯಿ ನೋಡಿದ. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಆಮೇಲೆ ಭುಜದ ಮೇಲಿನ ವಾಕಿಟಾಕಿಗೆ ಬಾಯಿ ಹಚ್ಚಿ ಒಳಗಿನವರಿಗೆ ವರದಿ ಒಪ್ಪಿಸಿದ: "ಮೇಡಂ, ಗೇಟಿಗೆ ಎರಡು ತೆಂಗಿನಕಾಯಿ ಬಂದಿದೆ. ಈಜೋಕಂತೆ." ಒಳಗಿನಿಂದ ಬಂದ ಉತ್ತರ ನಮಗೆ ಕೇಳಿಸಲಿಲ್ಲ. ಕಾಯಿಗಳನ್ನು ಚಪ್ಪಲಿ ಇಡುವ ಗೂಡಿನಲ್ಲಿಟ್ಟು ನಮಗೊಂದು ಟೋಕನ್ ಕೊಟ್ಟರು. ಜಯಮ್ಮ ಟೋಕನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಿರುಗಿ ತಿರುಗಿ ಗೂಡಿನ ಕಡೆ ನೋಡುತ್ತ ಒಳಗೆ ಬಂದಳು.

ಒಳಗೆ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಜಾರುಬಂಡೆಯಲ್ಲ, ತಿರುಗುವ ತೊಟ್ಟಿಲಲ್ಲ, ತೆಂಗಿನ ಮರ. ಅಲೆಯ ಕೊಳದ ದಂಡೆಯುದ್ದಕ್ಕೂ ಸಾಲಾಗಿ ಮರಗಳು. ನಾನು ನಿಂತುಬಿಟ್ಟೆ. ಕಾಯಿಯ ಮೇಲೆ ನುಸಿರೋಗದ ಕಲೆ ಇಲ್ಲ, ಕಾಂಡದಲ್ಲಿ ರಸ ಸೋರಿದ ಗುರುತಿಲ್ಲ, ಗೊನೆಗೊನೆಯೂ ಒಂದೇ ಅಳತೆ. ನಮ್ಮ ತೋಟದಲ್ಲಿ ನಾನು ಎಷ್ಟು ಬೇವಿನ ಹಿಂಡಿ ಹಾಕಿದರೂ ಇಂಥ ಗೊನೆ ಕಂಡಿಲ್ಲ. ಬುಡಕ್ಕೆ ಪಾತಿಯನ್ನೇ ಮಾಡಿಲ್ಲ, ಸುತ್ತ ಸಿಮೆಂಟು ಬಳಿದಿದ್ದಾರೆ, ಆದರೂ ಈ ಫಸಲು. ಯಾವ ತಳಿ, ಏನು ಗೊಬ್ಬರ ಎಂದು ಇಲ್ಲಿಯವರನ್ನು ಕೇಳಿಕೊಂಡು ಬಾ ಎಂದು ರವಿಗೆ ಹೇಳಿದೆ. ಅವನು ಆಯ್ತು ಅಂದ. ಅಂದರೆ ಕೇಳುವುದಿಲ್ಲ ಎಂದರ್ಥ.

ನೀರಿಗೆ ಇಳಿಯಲು ಸೀರೆ ಕೂಡದು, ಅವರೇ ಬಾಡಿಗೆಗೆ ಕೊಡುವ ನೈಲಾನ್ ಬಟ್ಟೆ ಹಾಕಬೇಕು. ಇದನ್ನು ಕೇಳಿ ಜಯಮ್ಮ ಹಿಂಜರಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಲತಾಳ ಜೊತೆ ಒಳಗೆ ಹೋಗಿ, ಮೊಣಕಾಲ ಕೆಳಗಿನವರೆಗೆ ಬರುವ ನೀಲಿ ಚಡ್ಡಿ, ಎದೆಯ ಮೇಲೆ ದೊಡ್ಡ ಹಳದಿ ಮೀನಿದ್ದ ಅಂಗಿ ಹಾಕಿಕೊಂಡು ಬಂದಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ತೆಂಗಿನ ಮರ ನೋಡಿದೆ.

ಮರ ನೋಡುವುದರ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆಯವರು ಎಲ್ಲೇ ಆಗಲಿ, ಕೂರುವ ಮೊದಲು ಮೇಲೆ ನೋಡುತ್ತಾರೆ. ಒಣಗರಿ ಕಳಚಿ ಬೀಳುವಾಗ ಮೊದಲು ಸರ್ರೆಂದು ಸಣ್ಣ ಸದ್ದು, ಹಿಂದೆಯೇ ಧಡಾರನೆ ದೊಡ್ಡ ಸದ್ದು. ಎರಡರ ನಡುವೆ ಏಳಲು ಸಮಯ ಸಾಲದು. ನಮ್ಮಪ್ಪ ತೋಟದಲ್ಲಿ ಕಂಬಳಿ ಹಾಸುವ ಮೊದಲು ಮೇಲೆ ನೋಡುತ್ತಿದ್ದರು, ಹಾಸಿದ ಮೇಲೆ ನೋಡುತ್ತಿದ್ದರು, ಕುಳಿತ ಮೇಲೂ ಒಮ್ಮೆ ನೋಡುತ್ತಿದ್ದರು. ಸ್ಕೂಲಿನಲ್ಲಿ ಪ್ರಾರ್ಥನೆಗೆ ಮಕ್ಕಳ ಸಾಲು ನಿಲ್ಲಿಸುವ ಜಾಗವನ್ನು ನಾನು ಆರಿಸಿದ್ದೂ ಹಾಗೆಯೇ. ಹೆಣ್ಣು ನೋಡಲು ಕೆಂಕೆರೆಗೆ ಹೋದಾಗಲೂ ಚಾಪೆಯ ಮೇಲೆ ಕೂರುವ ಮೊದಲು ತಲೆಯೆತ್ತಿದೆ. ಅದು ನಡುಮನೆ, ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ ತುಂಬಿದ ಅಟ್ಟ. ಜಯಮ್ಮನ ತಂದೆ ಇದನ್ನು ಕಂಡು ಹುಡುಗ ತಿಳಿವಳಿಕೆಯವನು ಅಂದರಂತೆ. ಜಯಮ್ಮ ಬಾಗಿಲ ಹಿಂದಿನಿಂದ ನೋಡಿ, ಹುಡುಗನಿಗೆ ಕತ್ತು ಹಿಡಿದಿದೆ ಅಂದುಕೊಂಡಳಂತೆ.

ಅಲೆ ದಿನಕ್ಕೆ ಎರಡೇ ಸಲ, ಬೆಳಗ್ಗೆ ಹನ್ನೊಂದಕ್ಕೆ ಮತ್ತು ಸಂಜೆ ಐದಕ್ಕೆ. ಬೆಳಗಿನ ಅಲೆಗೆ ಸರಿಯಾಗಿ ನಾನು ಎಲ್ಲರನ್ನೂ ದಂಡೆಗೆ ತಂದು ನಿಲ್ಲಿಸಿದೆ. ಚೀಲ ಕಾಯುವ ಕೆಲಸ ನನ್ನದು. ನನಗೆ ಈಜು ಬರುವುದಿಲ್ಲ. ನೆಲದ ಮೇಲೆ ಮಾಡುವ ಕಸರತ್ತುಗಳೇ ಸಾಕಷ್ಟಿವೆ ಎಂಬುದು ನನ್ನ ನಿಲುವು. ಸೈರನ್ ಕೂಗಿತು. ಕೊಳದ ಆಚೆ ತುದಿಯ ಗೋಡೆಯಿಂದ ನೀರು ಉಬ್ಬಿತು. ಜನ ಹೋ ಎಂದರು. ಜಯಮ್ಮ ಸಿಂಚನಳನ್ನು ಲತಾಳ ಕೈಗೆ ಕೊಟ್ಟು ಒಬ್ಬಳೇ ಮುಂದೆ ನಡೆದಳು. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಮೊದಲ ಅಲೆಗೆ ಅಲುಗಾಡಿದಳು, ಎರಡನೆಯದಕ್ಕೆ ಅಲುಗಾಡಲಿಲ್ಲ. ಮೂರನೆಯದಕ್ಕೆ ಮೈ ಬಿಡಲು ತೋಳು ಚಾಚುತ್ತಿದ್ದಳು.

ಆ ಹೊತ್ತಿಗೇ ನಾನು ಕುರ್ಚಿಯಲ್ಲಿ ಕೂರಲು ಹೋಗಿ ಮೇಲೆ ನೋಡಿದೆ.

ಪಕ್ಕದ ಮರದಲ್ಲಿ ಒಂದು ಒಣಗರಿ ಜೋತು ಬಿದ್ದಿತ್ತು. ಪೂರ್ತಿ ಕಂದು, ಬುಡ ಬಿಟ್ಟುಕೊಂಡಿದೆ. ಅದರ ನೇರ ಕೆಳಗೆ ಉದ್ದನೆ ಕುರ್ಚಿಯಲ್ಲಿ ಒಂದು ಕೂಸು ಮಲಗಿತ್ತು, ಬದಿಯಲ್ಲಿ ಅದರ ಅಪ್ಪ ಅಮ್ಮ. ನಾನು ಹೋಗಿ ಜಾಗ ಬದಲಿಸಿ ಎಂದು ಕನ್ನಡದಲ್ಲಿ ಹೇಳಿದೆ. ನನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದೆ. ಕೈ ಮೇಲೆ ತೋರಿಸಿ, ಬೀಳುವಂತೆ ಅಭಿನಯಿಸಿದೆ. ಆ ಅಪ್ಪ ಒಳ್ಳೆಯವನು, ನಗುತ್ತ ಆಲೂಗಡ್ಡೆ ಚಿಪ್ಸ್ ಪೊಟ್ಟಣ ಮುಂದೆ ಹಿಡಿದ. ಮರ್ಯಾದೆಗೆ ಒಂದು ತೆಗೆದುಕೊಂಡೆ. ಅಷ್ಟರಲ್ಲಿ ಗಾಳಿ ಬೀಸಿತು. ಗರಿ ಕಿರ್ರೆಂದು ಒಂದು ಗೇಣು ಕೆಳಗೆ ಜಗ್ಗಿತು.

ಊದಿಬಿಟ್ಟೆ. ಒಂದು ಉದ್ದ, ಮೂರು ಗಿಡ್ಡ. ಸ್ಕೂಲಿನ ಮೈದಾನದಿಂದ ಕೆರೆ ಏರಿಯವರೆಗೆ ಕೇಳುತ್ತಿದ್ದ ಊದು ಅದು.

ಆ ಪಾರ್ಕಿನಲ್ಲಿ ಸೀಟಿ ಊದಿದರೆ ಎಲ್ಲರೂ ತಕ್ಷಣ ನೀರಿನಿಂದ ಮೇಲೆ ಬರಬೇಕು ಎಂಬ ನಿಯಮವಿದೆಯೆಂದು ನನಗೇನು ಗೊತ್ತು? ಯಂತ್ರ ನಿಂತಿತು. ಕೊಳದಲ್ಲಿದ್ದ ಜನವೆಲ್ಲ, ಗಂಡಸರು ಹೆಂಗಸರು ಮಕ್ಕಳು, ತಳ್ಳಾಟವಿಲ್ಲದೆ ಮೆಟ್ಟಿಲು ಹತ್ತಿ ಬಂದು ದಂಡೆಯ ಮೇಲೆ ನಿಂತರು. ಸತ್ಯ ಹೇಳುತ್ತೇನೆ, ನನ್ನ ಸರ್ವಿಸಿನಲ್ಲೇ ಅಷ್ಟು ಜನ ಒಂದೇ ಊದಿಗೆ ಅಷ್ಟು ಶಿಸ್ತಾಗಿ ಬಂದು ನಿಂತಿರಲಿಲ್ಲ. ಒಂದು ಕ್ಷಣ ಎದೆ ಉಬ್ಬಿತು. ಇನ್ನೇನು ಸಾವಧಾನ್ ಅನ್ನಬೇಕು, ಅಷ್ಟರಲ್ಲಿ ಕೊಳ ಕಾಯುವವನು ಓಡಿ ಬಂದ. ದಪ್ಪ ಮೀಸೆಯ ನಡುವಯಸ್ಸಿನ ಮನುಷ್ಯ, ಅವನ ಕೊರಳಲ್ಲೂ ಒಂದು ಸೀಟಿ. ಊದಿದ್ದು ಯಾರು ಎಂದು ಕೇಳಿದ. ನಾನೇ ಎಂದು ಹೇಳಿ, ಮರದ ಕಡೆ ಕೈ ತೋರಿಸಿ, ಇದನ್ನು ಎಷ್ಟು ದಿನಕ್ಕೊಮ್ಮೆ ಶುಚಿ ಮಾಡಿಸುತ್ತೀರಿ, ಮರ ಹತ್ತುವವರು ಸಿಗದಿದ್ದರೆ ನಮ್ಮ ಕಡೆಯಿಂದ ಕಳಿಸುತ್ತೇನೆ, ಕೂಸಿನ ತಲೆ ಮೇಲೆ ಬಿದ್ದರೆ ಗತಿಯೇನು ಎಂದು ಒಂದೇ ಉಸಿರಿನಲ್ಲಿ ವಿಚಾರಿಸಿದೆ.

ಅವನು ಮರದ ಹತ್ತಿರ ಹೋಗಿ ಬೆರಳು ಮಡಿಸಿ ಕಾಂಡಕ್ಕೆ ಎರಡು ಏಟು ಕುಟ್ಟಿದ. ಖಾಲಿ ಡ್ರಮ್ಮಿನ ಸದ್ದು ಬಂತು.

"ಫೈಬರ್ ಸಾರ್. ಗರಿ ಪ್ಲಾಸ್ಟಿಕ್ಕು. ಅದೊಂದು ಒಣಗಿದಂಗೆ ಕಾಣ್ಲಿ ಅಂತ ಕಂದು ಬಣ್ಣ ಹೊಡ್ಸವ್ರೆ. ಬೋಲ್ಟ್ ಸಡ್ಲಾಗಿ ಜಗ್ಗತ್ತೆ, ಬೀಳಲ್ಲ, ಒಳಗೆ ಕಂಬಿ ಐತೆ."

ನಾನೂ ಕುಟ್ಟಿ ನೋಡಿದೆ. ಅದೇ ಸದ್ದು.

"ಯಾವೂರು ಸಾರ್ ನಿಮ್ದು?"

ಹೇಳದೆ ಇರಬಹುದಿತ್ತು. ಆದರೆ ಕೇಳಿದ ಪ್ರಶ್ನೆಗೆ ಉತ್ತರಿಸುವುದು ಅಭ್ಯಾಸ. ತಿಪಟೂರು ಕಡೆ ಎಂದೆ. ಅವನು ಮೀಸೆ ಕುಣಿಸದೆ ಬಹಳ ಮರ್ಯಾದೆಯಿಂದ, "ಹೌದಾ ಸಾರ್," ಅಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಸೀಟಿಯನ್ನು ಇಸಿದುಕೊಂಡು, ಹೋಗುವಾಗ ಕೊಡುತ್ತೇನೆ ಎಂದ. ನಿಲ್ಲಿಸಿದ ಯಂತ್ರವನ್ನು ಇನ್ನು ಸಂಜೆಯವರೆಗೆ ಹಾಕುವಂತಿಲ್ಲ ಎಂದೂ ಹೇಳಿದ. ದಂಡೆಯ ಮೇಲಿದ್ದ ಜನ ಗೊಣಗುತ್ತ ಚದುರಿದರು. ಚಿಪ್ಸ್ ಕೊಟ್ಟವನು ಪೊಟ್ಟಣ ಮಡಚಿ ಚೀಲಕ್ಕೆ ಹಾಕಿಕೊಂಡ. ರವಿ ದೂರದಲ್ಲಿ ನಿಂತು ಫೋನು ನೋಡುತ್ತಿದ್ದ, ನನ್ನನ್ನು ಅರಿಯದವನಂತೆ. ಸಿಂಚನ ಮಾತ್ರ ಹತ್ತಿರ ಬಂದು ಸಮಾಧಾನ ಹೇಳಿದಳು, ತಾತ, ಕಾಯಿ ಮಾತ್ರ ನಿಜವಾದದ್ದೇ ಇರಬಹುದು ಎಂದು.

ಜಯಮ್ಮ ಎದೆಯ ಮೀನಿನಿಂದ ನೀರು ತೊಟ್ಟಿಕ್ಕುತ್ತ ಎದುರಿಗೆ ಬಂದು ನಿಂತಳು. ತಲೆಗೂದಲು ಒಣಗಿಯೇ ಇತ್ತು. ಇಷ್ಟು ವರ್ಷಕ್ಕೆ ಒಮ್ಮೆ ಕೇಳಿದ್ದಳು, ಅದೂ ಸೊಂಟದವರೆಗೆ ಬಂದು ನಿಂತಿತ್ತು. ಸಂಜೆಯ ಅಲೆಗೆ ಕಾದರೆ ರೈಲು ಸಿಗುವುದಿಲ್ಲ.

"ಊದಿದ್ರಿ," ಅಂದಳು.

"ಊದಿದೆ."

"ಸರಿ. ಹಂಗಾದ್ರೆ ರೈಲು ಹೋಗ್ಲಿ ಬುಡಿ."

ನನ್ನ ಜೀವನದಲ್ಲಿ ನಾನು ರೈಲು ತಪ್ಪಿಸಿಕೊಂಡವನಲ್ಲ. ರೈಲುಗಳೇ ತಡವಾಗಿ ಬಂದು ನನ್ನನ್ನು ತಪ್ಪಿಸಿಕೊಂಡದ್ದುಂಟು. ಟಿಕೆಟ್ಟು ಮೊದಲೇ ತೆಗೆದಾಗಿದೆ ಎನ್ನಲು ಬಾಯಿ ತೆರೆದೆ, ಸಾಕ್ಷಿಗಳ ಮುಖ ನೋಡಿ ಮುಚ್ಚಿದೆ.

ಅಲ್ಲಿಂದ ಐದರವರೆಗೆ ನನಗೆ ಕೆಲಸವಿರಲಿಲ್ಲ. ಒಂದು ಗಂಟೆಗೆ ಸರಿಯಾಗಿ ನನ್ನ ಹೊಟ್ಟೆ ಎದ್ದು ನಿಂತಿತು. ಊಟಕ್ಕೆ ಯಾರೂ ಏಳಲಿಲ್ಲ. ಜಯಮ್ಮನಿಗೆ ಹಸಿವಾದಾಗ ಎಲ್ಲರಿಗೂ ಹಸಿವು ಎಂಬ ಹೊಸ ಏರ್ಪಾಡು ಬಂದಿತ್ತು. ನಿಧಾನವಾಗಿ ತಿರುಗುವ ದೊಡ್ಡ ತೊಟ್ಟಿಲಲ್ಲಿ ಕೂರಿಸಿದಳು, ಕೂತೆ. ಸಕ್ಕರೆಯ ಹತ್ತಿಯುಂಡೆ ಕೊಡಿಸಿದಳು, ತಿಂದೆ. ಮುಖಕ್ಕೆಲ್ಲ ಅಂಟಿತು. ಕರ್ಚೀಫು ಚೀಲದಲ್ಲಿ ಇಂಥ ಕಡೆ ಇದೆ ಎಂದು ಹೇಳಿದೆ, ಯಾರೂ ತೆಗೆದುಕೊಡಲಿಲ್ಲ. ಒಂದು ನೆರಳಿನಲ್ಲಿ ಕುಳಿತಿದ್ದಾಗ ಗಡಿಯಾರ ನೋಡದೆ ಇದ್ದೇನೆ ಎಂಬುದು ನೆನಪಾಗಿ ಗಾಬರಿಯಾಯಿತು. ಆಮೇಲೆ ಅದೂ ಮರೆತುಹೋಯಿತು. ನೆರಳು ತಗಡಿನ ಚಪ್ಪರದ್ದು, ಕುಟ್ಟಿ ನೋಡಿಕೊಂಡೇ ಕುಳಿತಿದ್ದೆ.

ಐದಕ್ಕೆ ಸ್ವಲ್ಪ ಮೊದಲು ಜಯಮ್ಮ ಕೊನೆಯ ಆಜ್ಞೆ ಕೊಟ್ಟಳು.

"ನೀವೂ ನೀರಿಗೆ ಇಳೀಬೇಕು."

ನನಗೆ ಬಾಡಿಗೆಗೆ ಸಿಕ್ಕ ಚಡ್ಡಿಯ ಮೇಲೆ ಗಿಳಿಗಳಿದ್ದವು. ಹಸಿರು ಗಿಳಿಗಳು, ತೊಡೆಯ ತುಂಬ. ರವಿ ಫೋಟೊ ತೆಗೆಯಲು ಕೈ ಎತ್ತಿದವನು ನನ್ನ ಮುಖ ನೋಡಿ ಇಳಿಸಿದ. ಆದರೆ ಅಷ್ಟರಲ್ಲಿ ತೆಗೆದಾಗಿತ್ತೆಂದು ಆಮೇಲೆ ಊರಿನಲ್ಲಿ ಗೊತ್ತಾಯಿತು. ಮೊಣಕಾಲುದ್ದದ ನೀರಿನಲ್ಲಿ ಹಿಮ್ಮಡಿ ಜೋಡಿಸಿ, ಕೈ ಬದಿಗಿಟ್ಟು ನೆಟ್ಟಗೆ ನಿಂತೆ. ನಿಲ್ಲುವ ಇನ್ನೊಂದು ರೀತಿ ನನಗೆ ಬರುವುದಿಲ್ಲ.

ಸೈರನ್ ಕೂಗಿತು. ನೀರು ಉಬ್ಬಿತು. ಜಯಮ್ಮ ಈ ಸಲ ಮೊದಲ ಅಲೆಗೇ ಮೈ ಬಿಟ್ಟಳು. ನಾನು ಅವಳು ಮುಳುಗಿದಳೆಂದೇ ಕೊರಳಿಗೆ ಕೈ ಹಾಕಿದೆ, ಅಲ್ಲಿ ಸೀಟಿ ಇರಲಿಲ್ಲ. ಅಷ್ಟರಲ್ಲಿ ಅವಳು ಅಲೆಯ ಆಚೆ ಮೇಲೆ ಬಂದಳು, ತಲೆ ಪೂರ್ತಿ ನೆನೆದು, ಜಡೆ ಬಿಚ್ಚಿ. ಅಂಗಾತ ತಿರುಗಿ, ತೋಳು ಚಾಚಿ, ಕಣ್ಣು ಮುಚ್ಚಿ ಮಲಗಿದಳು. ನೀರು ಅವಳನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು. ಅವಳು ಏನನ್ನೂ ಮಾಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಜಯಮ್ಮ ಏನನ್ನೂ ಮಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ಅಣ್ಣಂದಿರು ಹೇಳಿದ್ದು ಸುಳ್ಳು ಎಂದು ಅಲ್ಲೇ ತೀರ್ಪು ಕೊಟ್ಟೆ.

ಆಮೇಲೆ ಸಿಂಚನಳನ್ನು ಕರೆದಳು. ಹುಡುಗಿ ತನ್ನ ಕಾಯಿ ಎಲ್ಲಿ ಎಂದು ಅಳುಮುಖ ಮಾಡಿದಳು. ಅಜ್ಜಿ ನೀರಿನೊಳಗೆ ಎರಡೂ ಅಂಗೈ ಅಗಲಿಸಿ, "ಇಲ್ಲೇ ಅವೆ ನೋಡು," ಅಂದಳು. ಮೊಮ್ಮಗಳು ಆ ಎರಡು ಅಂಗೈಗಳ ಮೇಲೆ ಬೆನ್ನು ಕೊಟ್ಟು ಮಲಗಿದಳು. ಮೂರು ನಾಲ್ಕು ಅಲೆ ದಾಟಿದ ಮೇಲೆ ಅಜ್ಜಿಯ ಒಂದು ಕೈ ಮೇಲೆ ಬಂದು ಕೂದಲು ಸರಿಮಾಡಿಕೊಂಡಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈಯೂ ಮೇಲೆ ಬಂತು. ಹುಡುಗಿಗೆ ಅದು ಗೊತ್ತೇ ಆಗಲಿಲ್ಲ, ತೇಲುತ್ತಲೇ ಇದ್ದಳು.

ಅಲೆ ನಿಂತಿತು. ಕೊಳದವನು ಸೀಟಿ ಊದಿದ. ಎಲ್ಲರೂ ಮೇಲೆ ಬಂದರು, ಲತಾ ಸಿಂಚನಳನ್ನು ಎತ್ತಿಕೊಂಡು ಬಂದಳು. ಜಯಮ್ಮ ಬರಲಿಲ್ಲ. ನೀರಿನಲ್ಲಿ ಕಿವಿ ಮುಳುಗಿಸಿಕೊಂಡು ಕೊಳದ ನಡುವೆ ಒಬ್ಬಳೇ ಮಲಗಿದ್ದಳು. ಅವನು ಮತ್ತೊಮ್ಮೆ ಊದಿದ. ಅವಳು ಅಲುಗಲಿಲ್ಲ. ಆಗ ಆ ಮೀಸೆಯವನು ನೀರಿನಲ್ಲಿ ನಡೆದು ನನ್ನ ಬಳಿಗೆ ಬಂದು, ಜೇಬಿನಿಂದ ನನ್ನ ಸೀಟಿ ತೆಗೆದು ಕೊಟ್ಟ.

"ನನ್ನ ಊದಿಗೆ ಅಮ್ಮ ಬರ್ತಾ ಇಲ್ಲ ಸಾರ್. ನಿಮ್ದು ಜೋರಾಗಿದೆ, ನೀವೇ ಊದಿ."

ಸೀಟಿ ಬಾಯಿಯವರೆಗೆ ಹೋಯಿತು. ಆ ಕೈಗೆ ಅಷ್ಟು ವರ್ಷದ ರೂಢಿ. ಅಲ್ಲಿಂದ ಕೆಳಗಿಳಿಸಿ ಗಿಳಿಚಡ್ಡಿಯಲ್ಲಿ ಜೇಬು ಹುಡುಕಿದೆ, ಜೇಬಿರಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡೆ.

"ಅವಳಾಗೇ ಬರ್ತಾಳೆ, ಇರ್ಲಿ ಬಿಡಪ್ಪ," ಎಂದೆ.

ಅವನು ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲಿ ನಿಂತ. ಇಬ್ಬರೂ ಸೀಟಿಯವರು, ಇಬ್ಬರೂ ಊದಲಿಲ್ಲ. ಜಯಮ್ಮ ಕಣ್ಣು ಬಿಟ್ಟಾಗ ಸುತ್ತ ಯಾರೂ ಇಲ್ಲದ್ದನ್ನು ಕಂಡು, ಆತುರವಿಲ್ಲದೆ ತಿರುಗಿ, ಕೈ ಬೀಸುತ್ತ ಈಜಿಕೊಂಡು ನಾನು ನಿಂತ ಕಡೆಗೇ ಬಂದಳು.

ಗೇಟಿನಲ್ಲಿ ಟೋಕನ್ ಕೊಟ್ಟು ಕಾಯಿ ಬಿಡಿಸಿಕೊಂಡೆವು. ಕಾವಲಿನವನು ಚಕ್ಕುಲಿ, ಚಿತ್ರಾನ್ನ, ಕಾಯಿ ಎಲ್ಲವನ್ನೂ ಒಪ್ಪಿಸಿ, ಮಟ್ಟೆಯ ಆ ಗಂಟು ಹಾಕುವುದು ಹೇಗೆ ಎಂದು ಜಯಮ್ಮನನ್ನು ಕೇಳಿ ತಿಳಿದುಕೊಂಡ. ಬಸ್ಸು ಬರುವವರೆಗೆ ಹೊರಗಿನ ಕಟ್ಟೆಯಲ್ಲಿ ಕುಳಿತೆವು. ನಾನು ಮೇಲೆ ನೋಡಿದೆ. ಬರೀ ಆಕಾಶ.

ಸೀಟಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಜಯಮ್ಮ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಕೇಳದೆ ಅದನ್ನು ತೆಗೆದುಕೊಂಡು, ಜೋಡಿ ಕಾಯಿಯ ನಾರಿನ ಹಗ್ಗಕ್ಕೆ ಅದರ ದಾರ ಸೇರಿಸಿ ಕಟ್ಟಿದಳು. ಗಂಟು ಸರಿಯಾಗಿದೆಯೇ ನೋಡಿ ಎಂದು ನನ್ನ ಕಡೆ ಚಾಚಿದಳು. ಎಳೆದು ನೋಡಿದೆ. ಗಟ್ಟಿಯಾಗಿತ್ತು. ಅಂದಿನ ಕೊನೆಯ ಕೆಲಸ ಅದು, ಮುಗಿಯಿತು.